ಭೂತಗನ್ನಡಿ ಮತ್ತು ಏಳು ವಾರದ ಮೂಲ

ಆ ಚಿಕಿತ್ಸಾಲಯದ ಮೂರನೇ ಮಹಡಿಯ ಕೊನೆಯ ಕೋಣೆಯಲ್ಲಿ ಕೂರುವವಳಿಗೆ ಹಾಜರಿ ಪುಸ್ತಕದಲ್ಲಿ ಒಂದು ಹೆಸರಿತ್ತು. ಆದರೆ ಆ ಹೆಸರು ಸಂಬಳದ ದಿನ ಬಿಟ್ಟರೆ ಮತ್ತೆ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಎದುರಿಗೆ ಮೇಡಂ, ಬೆನ್ನ ಹಿಂದೆ ಭೂತಗನ್ನಡಿ. ಅವಳಿಗೂ ಅದು ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ‘ಸೂಕ್ಷ್ಮದರ್ಶಕ ಅಂದಿದ್ದರೆ ಇನ್ನೂ ಸರಿ ಇರ್ತಿತ್ತು’ ಎಂದು ಗಂಡನ ಹತ್ತಿರ ಹೇಳಿಕೊಂಡಿದ್ದಳು.

ಈ ಸ್ವಭಾವ ಹುಟ್ಟಿನಿಂದ ಬಂದದ್ದು. ಚಿಕ್ಕವಳಿದ್ದಾಗ ವಾರಪತ್ರಿಕೆಯ ಕೊನೆಯ ಪುಟದಲ್ಲಿ ಎರಡು ಚಿತ್ರ ಕೊಟ್ಟು ಆರು ವ್ಯತ್ಯಾಸ ಹುಡುಕಲು ಹೇಳುತ್ತಿದ್ದರು. ಅವಳು ಒಂದು ಸಲ ಒಂಬತ್ತು ಹುಡುಕಿದಳು. ಹೆಚ್ಚಿನ ಮೂರು ಮುದ್ರಣಾಲಯದ ಮಸಿಯ ಕಲೆಗಳೆಂದು ತಾನೇ ತೀರ್ಮಾನಿಸಿ ಸಂಪಾದಕರಿಗೆ ಕಾರ್ಡು ಹಾಕಿದಳು. ಉತ್ತರ ಬರಲಿಲ್ಲ. ಆದರೆ ಮುಂದಿನ ತಿಂಗಳಿಂದ ಚಿತ್ರಗಳು ಒಂದಿಷ್ಟು ದೊಡ್ಡದಾಗಿ ಬರತೊಡಗಿದವು. ಅದು ತನ್ನ ಕಾರ್ಡಿನ ಪ್ರಭಾವವೇ ಎಂದು ಅಣ್ಣನೊಂದಿಗೆ ವರ್ಷಗಟ್ಟಲೆ ವಾದ ಮಾಡಿದ್ದಳು. ಅದಕ್ಕೆ ಪುರಾವೆ ಏನೂ ಇಲ್ಲ ಎಂದು ಈಗ ಒಪ್ಪಿಕೊಳ್ಳುತ್ತಾಳೆ.

ಭೌತಶಾಸ್ತ್ರದಲ್ಲಿ ಪದವಿ ಮುಗಿಸಿ ಹನ್ನೊಂದು ವರ್ಷ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಹುಡುಗರಿಗೆ ಅಳತೆ ಹೇಳಿಕೊಟ್ಟಳು. ಆ ಪ್ರಯೋಗಾಲಯ ಮುಚ್ಚಿದ ಮೇಲೆ ಇಲ್ಲಿಗೆ ಬಂದಳು. ಇಲ್ಲಿಗೆ ಬರುವವರು ಕೈ ನಡುಗುವವರು, ಹೆಜ್ಜೆ ತಡವರಿಸುವವರು. ಬೂದು ಪರದೆಯ ಮುಂದೆ ತೋಳಿರುವ ಒಂದು ಮರದ ಕುರ್ಚಿ. ರೋಗಿ ಅದರಲ್ಲಿ ಕೂತು, ಕೈಗಳನ್ನು ಕುರ್ಚಿಯ ತೋಳಿನ ಮೇಲೆ ಸಡಿಲವಾಗಿ ಬಿಟ್ಟು, ನೂರರಿಂದ ಏಳೇಳು ಕಳೆಯುತ್ತ ಮನಸ್ಸಿನಲ್ಲೇ ಹಿಂದಕ್ಕೆ ಎಣಿಸಬೇಕು. ಮನಸ್ಸು ಲೆಕ್ಕದಲ್ಲಿ ಸಿಕ್ಕಿಕೊಂಡಾಗ ಕೈ ತನ್ನ ನಿಜ ಸ್ಥಿತಿ ತೋರಿಸುತ್ತದೆ. ಅದನ್ನು ವಿಡಿಯೊ ಮಾಡಿಟ್ಟುಕೊಂಡು, ವರ್ಷದ ಮೇಲೆ ಮತ್ತೆ ತೆಗೆದ ವಿಡಿಯೊದ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ತೆಗೆಯುವುದು, ಕಾಪಾಡುವುದು, ಬೇಕೆಂದಾಗ ಹುಡುಕಿ ಕೊಡುವುದು ಅವಳ ಕೆಲಸ.

ಹೀಗೆ ಒಂದು ಸಾವಿರದ ಮುನ್ನೂರ ಎಂಬತ್ತಾರು ವಿಡಿಯೊ ಸೇರಿ, ಇಡಲು ಜಾಗ ಸಾಲದಾಯಿತು. ಕೆಳಮಹಡಿಯ ಕಂಪ್ಯೂಟರ್ ಕೋಣೆಯವನು ದಿನಕ್ಕೆರಡು ಸಲ ಫೋನು ಮಾಡಿ ‘ಖಾಲಿ ಮಾಡಿ ಮೇಡಂ, ಖಾಲಿ ಮಾಡಿ’ ಎನ್ನುತ್ತಿದ್ದ. ಅವನಿಗೆ ಅವಳೇ ಇಟ್ಟ ಹೆಸರು ಖಾಲಿರಾಯ. ಕೊನೆಗೆ ಎಲ್ಲ ವಿಡಿಯೊಗಳನ್ನೂ ಹತ್ತನೇ ಒಂದು ಪಾಲಿಗೆ ಕುಗ್ಗಿಸುವುದು, ಕುಗ್ಗಿಸಿದ ಪ್ರತಿ ಮೂಲದಷ್ಟೇ ಚೆನ್ನಾಗಿದೆಯೆಂದು ಅವಳು ಸಹಿ ಹಾಕುವುದು, ಆಮೇಲೆ ಮೂಲಗಳನ್ನು ಅಳಿಸುವುದು ಎಂದು ತೀರ್ಮಾನವಾಯಿತು.

ಕುಗ್ಗಿಸುವ ವಿಧಾನ ಅವಳಿಗೆ ಬಹಳ ಹಿಡಿಸಿತು. ವಿಡಿಯೊ ಎಂದರೆ ಸೆಕೆಂಡಿಗೆ ಇಪ್ಪತ್ತೈದು ಫೋಟೊ. ಹಿಂದಿನ ಫೋಟೊದಲ್ಲಿದ್ದ ಗೋಡೆಯೇ ಮುಂದಿನದರಲ್ಲೂ ಇದ್ದರೆ ಅದನ್ನು ಮತ್ತೆ ಬರೆಯುವ ಗೋಜಿಲ್ಲ. ಗುಮಾಸ್ತರು ‘ಸದರಿ’ ಎಂದು ಹಾಕಿ ಕೈತೊಳೆದುಕೊಳ್ಳುವಂತೆ ಕಂಪ್ಯೂಟರೂ ಹಾಕಿಬಿಡುತ್ತದೆ. ಆದರೆ ‘ಸದರಿ’ ಎಂದದ್ದರಲ್ಲಿ ಏನಾದರೂ ಬದಲಾಗಿದ್ದರೆ? ಅದನ್ನು ಹಿಡಿಯಲು ಒಂದು ಸಾಫ್ಟ್‌ವೇರ್ ತರಿಸಿದಳು. ಮೂಲ ಎಡಕ್ಕೆ, ಕುಗ್ಗಿಸಿದ ಪ್ರತಿ ಬಲಕ್ಕೆ, ನಡುವೆ ಎಳೆದಾಡಬಹುದಾದ ಒಂದು ಗೆರೆ. ಕೆಳಗೆ ಪ್ರತಿ ಫೋಟೊಗೂ ನೂರಕ್ಕೆ ಇಷ್ಟು ಎಂದು ಅಂಕ. ಇನ್ನೊಂದು ಗುಂಡಿ ಒತ್ತಿದರೆ ಎಡದಿಂದ ಬಲವನ್ನು ಕಳೆದು ಉಳಿದದ್ದನ್ನಷ್ಟೇ ತೋರಿಸುತ್ತದೆ. ಎರಡೂ ಒಂದೇ ಆಗಿದ್ದಲ್ಲಿ ಕಪ್ಪು, ಬೇರೆಯಾಗಿದ್ದಲ್ಲಿ ಬೆಳಕು.

ರೋಗಿಗಳ ಚಿತ್ರ ಹೊರಗೆ ಹೋಗುವಂತಿಲ್ಲ. ಹಾಗಾಗಿ ಮನೆಯ ಬಾಲ್ಕನಿಯಿಂದ ಬೀದಿಯನ್ನು ಎರಡು ನಿಮಿಷ ಚಿತ್ರಿಸಿ, ಕುಗ್ಗಿಸಿ, ಎರಡನ್ನೂ ಟೀವಿಯಲ್ಲಿ ಹಾಕಿ ಮನೆಯವರನ್ನು ಪರೀಕ್ಷೆಗೆ ಕೂರಿಸಿದಳು. ಗಂಡ ಆರು ಸಲದಲ್ಲಿ ಮೂರು ಸಲ ಸರಿಯಾಗಿ ಹೇಳಿದ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

ಅತ್ತೆ ಕನ್ನಡಕ ಒರೆಸಿಕೊಂಡು ಮುಂದೆ ಬಾಗಿದರು. ‘‘ಎರಡರಲ್ಲೂ ಎದುರು ಮನೆಯವಳು ಕಸ ನಮ್ಮ ಕಡೆಗೇ ತಳ್ತಿದ್ದಾಳೆ. ಅದು ಸ್ಪಷ್ಟವಾಗಿ ಕಾಣ್ತಿದೆ.’’

‘‘ಅದಲ್ಲ ಅತ್ತೆ, ಯಾವುದು ಅಸಲು ಅಂತ ಹೇಳಿ.’’

‘‘ಎದುರು ಮನೆಯವಳ ಬುದ್ಧಿಯಂತೂ ಅಸಲೇ,’’ ಎಂದರು ಅತ್ತೆ.

ಆರು ವಾರ ಕೂತು ಅವಳು ಒಂದೊಂದನ್ನೂ ನೋಡಿದಳು. ಸರಾಸರಿ ಅಂಕ ನೋಡಿ ಬಿಡಲಿಲ್ಲ. ಪ್ರತಿ ವಿಡಿಯೊದಲ್ಲೂ ಎಲ್ಲಕ್ಕಿಂತ ಕಡಿಮೆ ಅಂಕದ ಫೋಟೊ ಹುಡುಕಿ ಅಲ್ಲೇನಾಗಿದೆ ಎಂದು ನೋಡಿದಳು. ಕಡಿಮೆ ಬಂದ ಇಪ್ಪತ್ತನ್ನು ಮತ್ತೆ ಕುಗ್ಗಿಸಿದಳು. ಎಲ್ಲವೂ ತೊಂಬತ್ತೈದರ ಮೇಲೆ ಬಂದವು. ಬುಧವಾರ ಸಹಿ ಹಾಕಿದಳು. ಮೂಲಗಳನ್ನು ಅಳಿಸುವ ಕೆಲಸ ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಎಂದ ಖಾಲಿರಾಯ.

ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಡಾಕ್ಟರಮ್ಮನ ಕೋಣೆಯಿಂದ ಕರೆ ಬಂತು. ಒಬ್ಬ ಬಡಗಿಯ ಹಳೆಯ ವಿಡಿಯೊ ಬೇಕಾಗಿತ್ತು.

ಬಡಗಿಗೆ ಅರವತ್ತರ ಮೇಲಾಗಿತ್ತು. ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಕಿವಿಯ ಸಂದಿಯಲ್ಲಿ ಮೊಂಡು ಪೆನ್ಸಿಲ್, ಮಗ್ಗುಲಲ್ಲಿ ಸೊಸೆ. ಡಾಕ್ಟರಮ್ಮ ಯಾವಾಗಲೂ ಸದ್ದು ನಿಲ್ಲಿಸಿಯೇ ವಿಡಿಯೊ ನೋಡುವವರು. ಪರದೆಯಲ್ಲಿ ಎರಡು ಚಿತ್ರ ಓಡುತ್ತಿದ್ದವು.

‘‘ನೋಡಿ ಮೇಸ್ತ್ರಿ. ಎಡಗಡೆ ನಾಲ್ಕು ವರ್ಷದ ಹಿಂದಿನ ನೀವು, ಮಾತ್ರೆ ಶುರು ಮಾಡೋಕೆ ಮುಂಚೆ. ಬಲಗಡೆ ಇವತ್ತಿನ ನೀವು. ಆಗ ಕೈ ಕಲ್ಲಿನ ಥರ ಕೂತಿದೆ. ಈಗ ಬೆರಳು ಆಡ್ತಿದೆ.’’

‘‘ಎಲ್ಲಾದ್ರೂ ಉಂಟೇ!’’ ಎಂದ ಬಡಗಿ. ‘‘ಆಗ ನನ್ನ ಕೈ ಒಂದು ಗಳಿಗೆ ನಿಂತದ್ದಿಲ್ಲ ಅಮ್ಮಾ. ನಾನು ಮೊಳೆ ಹಿಡಿದ್ರೆ ಮೊಳೆಗೇ ಭಯ ಆಗ್ತಿತ್ತು.’’

‘‘ಮಾವ ಪೇಪರ್ ಹಿಡ್ಕೊಂಡು ಕೂತ್ರೆ ಪಕ್ಕದ ರೂಮಿಗೆ ಪರಪರ ಅಂತ ಕೇಳ್ತಿತ್ತು,’’ ಎಂದಳು ಸೊಸೆ. ‘‘ಗಾಳಿ ಬಂತು ಅಂದ್ಕೊಂಡು ಅತ್ತೆ ಕಿಟಕಿ ಹಾಕೋಕೆ ಎದ್ದು ಬರ್ತಿದ್ರು. ಈಗ ಹಾಗಿಲ್ಲ ಡಾಕ್ಟರಮ್ಮ.’’

ನಾಲ್ಕು ವರ್ಷದ ಹಿಂದೆ ಬಡಗಿಯನ್ನು ನೋಡಿದ್ದ ಹಿರಿಯ ಡಾಕ್ಟರು ನಿವೃತ್ತರಾಗಿದ್ದರು. ಅವರು ಕಡತದಲ್ಲಿ ಬರೆದಿಟ್ಟದ್ದು ‘ವಿಡಿಯೊ ನೋಡಿ’ ಎಂಬ ಎರಡೇ ಪದ.

‘‘ನೆನಪು ಅನ್ನೋದು ಹಾಗೇ ಕಣಮ್ಮ,’’ ಎಂದರು ಡಾಕ್ಟರಮ್ಮ. ‘‘ಕಷ್ಟ ಕಳೆದ ಮೇಲೆ ದೊಡ್ಡದಾಗಿ ಕಾಣುತ್ತೆ. ವಿಡಿಯೊ ಹಾಗಲ್ಲ.’’ ಬಾಗಿಲ ಬಳಿ ನಿಂತಿದ್ದ ಭೂತಗನ್ನಡಿಯ ಕಡೆ ತಿರುಗಿದರು. ‘‘ಇದು ಕುಗ್ಗಿಸಿದ್ದು ಅಲ್ವೇ? ಏನೂ ಹೆಚ್ಚುಕಡಿಮೆ ಆಗಿಲ್ಲ ತಾನೆ?’’

‘‘ತೊಂಬತ್ತೇಳು ಅಂಕ ಇದೆ ಡಾಕ್ಟರಮ್ಮ.’’

‘‘ಅಷ್ಟು ಸಾಕು.’’ ಬಡಗಿಗೆ ಹೇಳಿದರು: ‘‘ಈ ಮಾತ್ರೆ ನಿಮಗೆ ಏನೂ ಮಾಡಿಲ್ಲ, ಬದಲಿಗೆ ಜಾಸ್ತಿಯಾಗಿದೆ. ಬೇರೆ ಔಷಧಿ ಬರೀತೀನಿ. ಅದರಿಂದ ತಲೆ ತಿರುಗುತ್ತೆ, ಮಂಪರು ಬರುತ್ತೆ. ಗರಗಸದ ಮೆಷಿನ್ ಹತ್ತಿರ ಇನ್ನು ಹೋಗೋ ಹಾಗಿಲ್ಲ. ಕೆಳಗೆ ರಕ್ತ ಕೊಟ್ಟು ಒಂದು ಗಂಟೆಗೆ ಬನ್ನಿ, ಚೀಟಿ ಕೊಡ್ತೀನಿ.’’

ಬಡಗಿ ಎದ್ದು ನಿಂತ. ಗರಗಸ ಬಿಟ್ಟರೆ ಅವನಿಗೆ ಬೇರೆ ಕೆಲಸವಿರಲಿಲ್ಲ. ಆದರೂ ಅವನು ಕೇಳಿದ್ದು ಅದನ್ನಲ್ಲ.

‘‘ಒಂದು ಮಾತು ಅಮ್ಮಾ. ಆಗ ಅಷ್ಟು ಗಟ್ಟಿಮುಟ್ಟಾಗಿದ್ದೆ ಅಂದ್ರೆ ನಾನು ಇಲ್ಲಿಗೆ ಯಾಕೆ ಬಂದೆ? ಫೋಟೊ ತೆಗೆಸ್ಕೊಳ್ಳೋಕಾ?’’

ಡಾಕ್ಟರಮ್ಮ ನಕ್ಕರು. ಸೊಸೆ ‘ಬನ್ನಿ ಮಾವ’ ಎಂದು ಕರೆದುಕೊಂಡು ಹೋದಳು. ಭೂತಗನ್ನಡಿ ಮೂರು ಮಹಡಿ ಮೆಟ್ಟಿಲು ಹತ್ತುವಷ್ಟರಲ್ಲಿ ಆ ಪ್ರಶ್ನೆ ಅವಳ ತಲೆಯೊಳಗೆ ಮನೆ ಮಾಡಿಬಿಟ್ಟಿತ್ತು. ನಿಜವಲ್ಲವೇ? ಕೈ ನಡುಗದ ಮನುಷ್ಯ ಕೈ ನಡುಗುವವರ ಚಿಕಿತ್ಸಾಲಯಕ್ಕೆ ಯಾಕೆ ಬರುತ್ತಾನೆ?

ಸಾಫ್ಟ್‌ವೇರ್ ತೆರೆದು ಎಡಕ್ಕೆ ಮೂಲ, ಬಲಕ್ಕೆ ಪ್ರತಿ ಇಟ್ಟಳು. ತೊಂಬತ್ತೇಳು. ಗೆರೆಯನ್ನು ಅತ್ತಿತ್ತ ಎಳೆದಳು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕಳೆಯುವ ಗುಂಡಿ ಒತ್ತಿದಳು. ಪರದೆ ಹೆಚ್ಚುಕಡಿಮೆ ಪೂರ್ತಿ ಕಪ್ಪು. ಅಂದರೆ ಏನೂ ಕಳೆದುಹೋಗಿಲ್ಲ. ಎರಡರಲ್ಲೂ ಬಡಗಿಯ ಬಲಗೈ ತಣ್ಣಗೆ ಮಲಗಿದೆ. ಯಂತ್ರದ ಕಡೆಯಿಂದ ಇದಕ್ಕಿಂತ ಚೆಂದದ ಸಾಕ್ಷಿ ಸಿಗಲಾರದು.

ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು. ಅನುಮಾನದಿಂದೇನೂ ಅಲ್ಲ. ಕಣ್ಣಿನ ಕೆಲಸ ಮುಗಿದಿತ್ತು, ಬಾಕಿ ಉಳಿದದ್ದು ಅದೊಂದೇ.

ಫ್ಯಾನಿನ ಗುಂಯ್ ಎಂಬ ಸದ್ದು. ಯಾರೋ ಕಾರಿಡಾರಿನಲ್ಲಿ ಕೆಮ್ಮಿದರು. ಅವುಗಳ ಕೆಳಗೆ, ಬಹಳ ಸಣ್ಣಗೆ, ಟಿಕ್‌ಟಿಕ್‌ಟಿಕ್ ಎಂದು ಒಂದೇ ಸಮನೆ ಏನೋ ಬಡಿಯುತ್ತಿತ್ತು.

ಗೋಡೆ ಗಡಿಯಾರವೇ? ಗಡಿಯಾರ ಸೆಕೆಂಡಿಗೊಂದು ಸಲ ಬಡಿಯುತ್ತದೆ. ಇದು ಅದಕ್ಕಿಂತ ಎಷ್ಟೋ ಬೇಗ. ವೇಗವನ್ನು ಕಾಲು ಭಾಗಕ್ಕಿಳಿಸಿ, ಕಾಗದದ ಮೇಲೆ ಸದ್ದಿಗೊಂದು ಚುಕ್ಕೆ ಇಡುತ್ತ ಹೋದಳು. ಹತ್ತು ಸೆಕೆಂಡಿನ ವಿಡಿಯೊದಲ್ಲಿ ನಲವತ್ತೊಂಬತ್ತು ಚುಕ್ಕೆ. ಮತ್ತೆ ಎಣಿಸಿದಳು. ನಲವತ್ತೊಂಬತ್ತೇ. ಸೆಕೆಂಡಿಗೆ ಹೆಚ್ಚುಕಡಿಮೆ ಐದು. ಇಷ್ಟು ವರ್ಷ ಇಲ್ಲಿ ಕೆಲಸ ಮಾಡಿ ಅವಳಿಗೆ ಒಂದು ವಿಷಯ ಗೊತ್ತಿತ್ತು: ಸುಮ್ಮನಿದ್ದಾಗ ನಡುಗುವ ಕೈ ಸೆಕೆಂಡಿಗೆ ನಾಲ್ಕರಿಂದ ಆರು ಸಲ ನಡುಗುತ್ತದೆ.

ಚಿತ್ರವನ್ನು ದೊಡ್ಡದು ಮಾಡಿದಳು. ಬಡಗಿಯ ಬಲ ಮಣಿಕಟ್ಟಿನಲ್ಲಿ ಸ್ಟೀಲ್ ಪಟ್ಟಿಯ ವಾಚು. ಪಟ್ಟಿ ಕುರ್ಚಿಯ ಮರದ ತೋಳಿಗೆ ತಾಕಿಕೊಂಡಿದೆ. ತಾಕಿಕೊಂಡು, ಅಲ್ಲಾಡದೆ ಕೂತಿದೆ. ಆದರೂ ಬಡಿಯುತ್ತಿದೆ.

ಕಿವಿ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ. ಅವಳಿಗೆ ಮೈ ಜುಮ್ಮೆಂದಿತು. ಹೆದರಿಕೆ ಆಮೇಲೆ ಬಂದದ್ದು. ಆ ಕ್ಷಣದಲ್ಲಿ ಅದು ಖುಷಿಯೇ. ಹತ್ತನೇ ವ್ಯತ್ಯಾಸ ಸಿಕ್ಕಿದ ಹುಡುಗಿಯ ಖುಷಿ.

ಕುಗ್ಗಿಸಿದ ಪ್ರತಿಯಲ್ಲಿ ತಪ್ಪಾಗಿದ್ದರೆ ಮೂಲದಲ್ಲಿ ಕೈ ನಡುಗಬೇಕಿತ್ತು. ಮೂಲದಲ್ಲೂ ನಡುಗುತ್ತಿಲ್ಲ. ಹಾಗಾದರೆ ಮೂಲ ಎಲ್ಲಿಂದ ಬಂತು? ಫೈಲಿನ ವಿವರ ತೆಗೆದು ನೋಡಿದಳು. ಹೆಸರು ‘ಮೂಲ’ ಎಂದೇ ಇತ್ತು. ತಯಾರಾದ ದಿನಾಂಕ ನೋಡಿದಳು. ಏಳು ವಾರದ ಹಿಂದಿನದು.

ಬಡಗಿ ಬಂದದ್ದು ನಾಲ್ಕು ವರ್ಷದ ಹಿಂದೆ. ಅವನ ಮೂಲಕ್ಕೆ ಏಳು ವಾರ ವಯಸ್ಸು ಹೇಗೆ?

ಕೈ ತಾನಾಗಿಯೇ ಹಣೆಗೆ ಹೋಯಿತು. ಹಳೆಯ ಕ್ಯಾಮರಾದಲ್ಲಿ ತೆಗೆದ ಇನ್ನೂರ ಹನ್ನೆರಡು ವಿಡಿಯೊಗಳನ್ನು ಈ ಸಾಫ್ಟ್‌ವೇರ್ ತೆರೆಯುತ್ತಿರಲಿಲ್ಲ. ಹಾಗಾಗಿ ಅವುಗಳನ್ನು ಮೊದಲು ಬೇರೊಂದು ಬಗೆಯ ಫೈಲಿಗೆ ಪರಿವರ್ತಿಸಿಕೊಂಡಿದ್ದಳು. ಹಳೆಯ ಕ್ಯಾಮರಾಕ್ಕೆ ಬೆಳಕು ಸಾಲದೆ ಚಿತ್ರದ ತುಂಬ ರವೆ ಚೆಲ್ಲಿದಂಥ ಚುಕ್ಕೆಗಳಿದ್ದವು. ಪರಿವರ್ತಿಸುವಾಗ ‘ಚುಕ್ಕೆ ತೆಗೆ’ ಎಂಬ ಚೌಕಕ್ಕೆ ಅವಳೇ ಗುರುತು ಹಾಕಿದ್ದಳು. ಅದು ಅಕ್ಕಪಕ್ಕದ ಫೋಟೊಗಳನ್ನು ಹೋಲಿಸಿ, ದೊಡ್ಡ ಚಲನೆಯನ್ನು ಬಿಟ್ಟು, ಸಣ್ಣದಾಗಿ ಅದುರುವುದನ್ನೆಲ್ಲ ಸಮ ಮಾಡುತ್ತದೆ; ಸದ್ದಿನ ತಂಟೆಗೆ ಹೋಗುವುದಿಲ್ಲ. ದೂರದಿಂದ ತೆಗೆದ ಚಿತ್ರದಲ್ಲಿ ಬಡಗಿಯ ಕೈ ಹೆಬ್ಬೆರಳಿನ ಉಗುರಿನಷ್ಟು. ಅದರ ನಡುಕವನ್ನೂ ಅದು ಚುಕ್ಕೆಯೆಂದೇ ತಿಳಿದು ಸಮ ಮಾಡಿತ್ತು. ಹಾಗೆ ಬಂದ ಫೈಲಿಗೆ ಅವಳು ‘ಮೂಲ’ ಎಂದು ಹೆಸರಿಟ್ಟಳು. ಆರು ವಾರ ಅದೇ ಹೆಸರು ನೋಡಿ ನೋಡಿ ನಂಬಿದಳು. ನಕಲನ್ನು ನಕಲಿನ ಜೊತೆ ಹೋಲಿಸಿ ತೊಂಬತ್ತೇಳು ಅಂಕ ಕೊಟ್ಟಿದ್ದಳು. ನಿಜವಾದ ಮೂಲಗಳಿದ್ದದ್ದು ಕೆಳಗೆ, ಖಾಲಿರಾಯನ ಡಿಸ್ಕುಗಳಲ್ಲಿ.

ಗಂಟೆ ಹನ್ನೊಂದು ಇಪ್ಪತ್ತು. ಮೂರಕ್ಕೆ ಇನ್ನೂ ಸಮಯವಿದೆ ಎಂದುಕೊಂಡರೂ ಅವಳು ಮೆಟ್ಟಿಲನ್ನು ಎರಡೆರಡಾಗಿ ಇಳಿದಳು.

ಖಾಲಿರಾಯ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ. ಅವನೆದುರು ಒಂದು ಯಂತ್ರದ ಹಸಿರು ದೀಪ ಮಿಟುಕುತ್ತಿತ್ತು.

‘‘ನಿಲ್ಲಿಸಿ!’’

‘‘ಏನನ್ನ?’’

‘‘ಅಳಿಸೋದನ್ನ. ಮೂರಕ್ಕೆ ಅಂದಿದ್ರಲ್ಲ ನೀವು?’’

‘‘ಮುಗಿಯೋದು ಮೂರಕ್ಕೆ ಮೇಡಂ. ಶುರು ಮಾಡೋದು ಹತ್ತಕ್ಕೆ.’’ ಅವಳ ಮುಖ ನೋಡಿ ಅವನು ಕಾಲು ಕೆಳಗಿಟ್ಟ. ‘‘ಒಂದನೇ ಡಿಸ್ಕ್ ಆಯ್ತು. ಎರಡನೇದು ಈಗ ತಾನೇ ಹಾಕಿದೆ, ಇನ್ನೂ ಗುಂಡಿ ಒತ್ತಿಲ್ಲ. ನೀವೇ ಸಹಿ ಹಾಕಿದ್ದೀರಲ್ಲ, ಸಹಿ ನೋಡಿಯೇ...’’

‘‘ನಿಮ್ಮದೇನೂ ತಪ್ಪಿಲ್ಲ. ಸಹಿಯೇ ತಪ್ಪು. ಒಂದನೇದು ವಾಪಸ್ ಬರುತ್ತಾ?’’

‘‘ಮೇಲೆಲ್ಲ ಸೊನ್ನೆ ಬರೆದಾಗಿದೆ ಮೇಡಂ. ಬ್ರಹ್ಮ ಬಂದ್ರೂ ಬರಲ್ಲ.’’

ಒಂದನೇ ಡಿಸ್ಕಿನಲ್ಲಿ ಹಳೆಯ ಕ್ಯಾಮರಾದ ಮೂವತ್ತೆಂಟು ವಿಡಿಯೊ ಇದ್ದವು. ಬಡಗಿಯದು ಯಾವುದರಲ್ಲಿತ್ತು? ಪಟ್ಟಿಯ ಸಾಲುಗಳ ಮೇಲೆ ಅವಳ ಬೆರಳು ಇಳಿಯಿತು. ನಾಲ್ಕನೇ ಡಿಸ್ಕ್. ಅದನ್ನಿನ್ನೂ ಅಳಿಸಿರಲಿಲ್ಲ. ಖಾಲಿರಾಯ ನೀರಿನ ಬಾಟಲಿ ಮುಂದಕ್ಕೆ ತಳ್ಳಿ, ನಾಲ್ಕನೇ ಡಿಸ್ಕನ್ನು ತಾನೇ ಎತ್ತಿಕೊಂಡು ಅವಳ ಹಿಂದೆ ಮೂರು ಮಹಡಿ ಹತ್ತಿ ಬಂದ.

ಈ ಸಲ ಯಾವ ಚೌಕಕ್ಕೂ ಗುರುತು ಹಾಕದೆ ಪರಿವರ್ತಿಸಿದಳು. ಹನ್ನೊಂದು ನಿಮಿಷ ಹಿಡಿಯಿತು. ಎಡಕ್ಕೆ ಇದನ್ನಿಟ್ಟಳು. ಅಂಕ ತೊಂಬತ್ತೇಳರಿಂದ ಎಪ್ಪತ್ತೊಂದಕ್ಕಿಳಿಯಿತು. ಆದರೆ ಇಳಿದ ಅಂಕದ ಬಹುಪಾಲು ಗೋಡೆಯ ಮೇಲಿನ ಚುಕ್ಕೆಗಳದ್ದು, ಅದರಿಂದ ಯಾರಿಗೂ ನಷ್ಟವಿಲ್ಲ. ಹಾಗಾಗಿ ಬಲಗೈಯ ಸುತ್ತ ಮಾತ್ರ ಒಂದು ಚೌಕ ಎಳೆದು ಮತ್ತೆ ಅಳೆದಳು. ನಲವತ್ತಮೂರು. ಎರಡನ್ನೂ ಬರೆದುಕೊಂಡಳು.

ಒಂದು ಗಂಟೆಗೆ ಡಾಕ್ಟರಮ್ಮನ ಮೇಜಿನ ಮೇಲೆ ಹೊಸ ಔಷಧಿಯ ಚೀಟಿ ಸಿದ್ಧವಾಗಿತ್ತು. ಎದುರಿಗೆ ಬಡಗಿ, ಸೊಸೆ. ಭೂತಗನ್ನಡಿ ನೇರವಾಗಿ ಹೇಳಿದಳು: ‘‘ಡಾಕ್ಟರಮ್ಮ, ಬೆಳಿಗ್ಗೆ ನಾನು ತೋರಿಸಿದ್ದು ಮೇಸ್ತ್ರಿಯವರ ನಿಜವಾದ ವಿಡಿಯೊ ಅಲ್ಲ. ತಪ್ಪು ನನ್ನದು, ಚಿತ್ರದ ಚುಕ್ಕೆ ಒರೆಸೋಕೆ ಹೋಗಿ ನಡುಕವನ್ನೂ ಒರೆಸಿಬಿಟ್ಟಿದ್ದೆ. ಇದನ್ನ ನೋಡಿ. ಸದ್ದು ಹಾಕಿಯೇ ನೋಡಿ.’’

ಪರದೆಯ ಮೇಲೆ ನಾಲ್ಕು ವರ್ಷದ ಹಿಂದಿನ ಬಡಗಿ ಕೂತ. ಅವನ ಬಲಗೈ ಹಿಡಿದ ಹಕ್ಕಿಯಂತೆ ಪಟಪಟ ಅದುರಿತು. ವಾಚಿನ ಪಟ್ಟಿ ಕುರ್ಚಿಯ ತೋಳಿಗೆ ಬಡಿಯಿತು. ವಿಡಿಯೊ ಮತ್ತೆ ಮೊದಲಿಂದ ಓಡಿತು. ಮೂರನೇ ಸಲ ಓಡಿತು.

‘‘ನಾನು ಹೇಳ್ಲಿಲ್ವಾ?’’ ಎಂದಳು ಸೊಸೆ. ಗೆದ್ದ ದನಿಯಲ್ಲ, ಅದನ್ನು ನೋಡಿ ಅವಳ ಕಣ್ಣು ತುಂಬಿತ್ತು.

ಡಾಕ್ಟರಮ್ಮ ಅಂದು ಬೆಳಿಗ್ಗೆ ತೆಗೆದ ವಿಡಿಯೊವನ್ನು ಪಕ್ಕಕ್ಕೆ ತಂದರು. ಅದರಲ್ಲಿ ಎರಡು ಬೆರಳು ಮಾತ್ರ ಮೆಲ್ಲಗೆ ಆಡುತ್ತಿದ್ದವು. ಹೊಸ ಚೀಟಿಯನ್ನು ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿದರು. ‘‘ಹಳೇ ಮಾತ್ರೆಯೇ ಮುಂದುವರಿಸಿ ಮೇಸ್ತ್ರಿ. ಚೆನ್ನಾಗಿಯೇ ಕೆಲಸ ಮಾಡ್ತಿದೆ.’’ ಆಮೇಲೆ ಭೂತಗನ್ನಡಿಯನ್ನು ನೋಡಿದರು. ‘‘ಹೀಗೆ ಇನ್ನೂ ಎಷ್ಟು ಜನರ ಕೈ ವಾಸಿ ಮಾಡಿದ್ದೀರಿ?’’

‘‘ಇನ್ನೂರ ಹನ್ನೆರಡು. ನೂರ ಎಪ್ಪತ್ತನಾಲ್ಕನ್ನು ಸರಿಮಾಡಬಹುದು. ಮೂವತ್ತೆಂಟು ಜನರ ಮೂಲ ಹೋಗಿಬಿಟ್ಟಿದೆ.’’

ಬಡಗಿಗೆ ಇದ್ಯಾವುದೂ ಕೇಳಿಸುತ್ತಿರಲಿಲ್ಲ. ಅವನು ಪರದೆಯ ಹತ್ತಿರ ಸರಿದಿದ್ದ. ‘‘ಅಮ್ಮಾ, ಹೋಗಿದ್ದೇನು ಅನ್ನೋದನ್ನ ಮಾತ್ರ ತೋರಿಸೋಕೆ ಆಗುತ್ತಾ?’’

ಅವಳು ಅಚ್ಚರಿಯಿಂದ ಕಳೆಯುವ ಗುಂಡಿ ಒತ್ತಿದಳು. ಗೋಡೆ, ಕುರ್ಚಿ, ಮನುಷ್ಯ ಎಲ್ಲ ಕಪ್ಪಾಗಿ ಮಾಯವಾದವು. ಕಪ್ಪಿನ ಮೇಲೆ ತೆಳ್ಳಗೆ ಚುಕ್ಕೆಗಳು ಉದುರುತ್ತಿದ್ದವು. ನಡುವೆ ಒಂದು ಕೈ ಮಾತ್ರ ಹೊಳೆದು, ಆರಿ, ಹೊಳೆಯುತ್ತಿತ್ತು. ಅವನ ಕಾಯಿಲೆ ಪೂರ್ತಿಯಾಗಿ ಆ ಕಳೆದದ್ದರಲ್ಲೇ ಇತ್ತು.

‘‘ಇದನ್ನ ಮೊದಲು ನೋಡ್ಬೇಕಿತ್ತು ನೀವು,’’ ಎಂದ ಬಡಗಿ. ಗದರಿಕೆಯಲ್ಲ, ಕಸುಬಿನವನು ಕಸುಬಿನವಳಿಗೆ ಹೇಳುವ ಮಾತು. ‘‘ತೋಪಡ ಹೊಡೆದು ಹಲಗೆ ನಯ ಮಾಡುವಾಗ ನಾವು ಹಲಗೆ ನೋಡಲ್ಲ, ಉದುರೋ ಸುರುಳಿ ನೋಡ್ತೀವಿ. ತೆಳ್ಳಗೆ ಬಂದ್ರೆ ಸರಿ. ದಪ್ಪ ಬಂತು ಅಂದ್ರೆ ಬೇಕಾದ್ದೇ ಹೋಗ್ತಿದೆ ಅಂತ.’’

‘‘ನೋಡಿದ್ದೆ ಮೇಸ್ತ್ರಿ. ಎರಡನೇ ಸಲ ಹೊಡೆದಾಗ ಉದುರಿದ್ದನ್ನ ನೋಡಿದೆ. ಮೊದಲನೇ ಸಲದ್ದನ್ನ ನೋಡದೆ ಗುಡಿಸಿಬಿಟ್ಟೆ.’’

ಅವನು ಹೌದೆಂಬಂತೆ ತಲೆ ಆಡಿಸಿದ. ಎಲ್ಲಿ ತಪ್ಪಾಯಿತೆಂದು ಅವನಿಗೆ ಪೂರ್ತಿ ಅರ್ಥವಾಗಿತ್ತು. ಸಂಜೆಯೊಳಗೆ ಒಂದು ಬಾಗಿಲಿನ ಚೌಕಟ್ಟು ಕೊಯ್ದು ಕೊಡಬೇಕು ಎನ್ನುತ್ತ ಸೊಸೆಯನ್ನು ಅವಸರಪಡಿಸಿಕೊಂಡು ಹೊರಟ.

ಮಧ್ಯಾಹ್ನ ಪೂರ್ತಿ ಅವಳು ಕೂತು ಮೂವತ್ತೆಂಟು ಜನರ ಪಟ್ಟಿ ಮಾಡಿದಳು. ಪ್ರತಿಯೊಬ್ಬರ ಕಡತದಲ್ಲೂ ಬರೆದಳು: ‘ಈ ವಿಡಿಯೊದಲ್ಲಿ ಸಣ್ಣ ನಡುಕ ಕಾಣದಿದ್ದರೆ, ನಡುಕ ಇರಲಿಲ್ಲವೆಂದು ತಿಳಿಯಬಾರದು.’ ಕೆಳಗೆ ಕಾರಣ, ದಿನಾಂಕ, ತನ್ನ ಸಹಿ. ಬುಧವಾರದ ಸಹಿಯಷ್ಟು ಸಲೀಸಾಗಿ ಅದು ಬರಲಿಲ್ಲ. ಕೆಲಸ ಹೋದೀತೇ ಎಂಬ ಯೋಚನೆ ಒಂದೆರಡು ಸಲ ಸುಳಿಯಿತು. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು, ಈ ಮೂವತ್ತೆಂಟು ಕೈಗಳು ಆಗ ನಿಜವಾಗಿ ಹೇಗಿದ್ದವು ಎಂಬುದು.

ಐದು ಗಂಟೆಗೆ ಡಾಕ್ಟರಮ್ಮ ತಾವೇ ಮೂರು ಮಹಡಿ ಹತ್ತಿ ಬಂದರು. ಏದುಸಿರು ಬಿಡುತ್ತ ಪಟ್ಟಿ ತೆಗೆದುಕೊಂಡು ಮೊದಲಿಂದ ಕೊನೆಯವರೆಗೆ ಓದಿದರು. ಕೆಲವು ಸಾಲುಗಳ ಪಕ್ಕ ಪೆನ್ನಿನಿಂದ ಗುರುತು ಹಾಕಿದರು.

‘‘ಇವರಲ್ಲಿ ಹತ್ತೊಂಬತ್ತು ಜನ ಈಗಲೂ ನನ್ನ ಹತ್ತಿರ ಬರ್ತಾರೆ,’’ ಎಂದರು. ‘‘ಬಂದಾಗ ಆಗ ಹೇಗಿತ್ತು ಅಂತ ಕೇಳೋಣ. ಅವರನ್ನೂ, ಜೊತೆಗೆ ಬಂದವರನ್ನೂ. ಬೆಳಿಗ್ಗೆ ಆ ಹುಡುಗಿ ಪೇಪರ್ ಸದ್ದು ಅಂದಾಗಲೇ ನಾನು ಕೇಳಿಸ್ಕೋಬೇಕಿತ್ತು. ನೀವೂ ಪಕ್ಕದಲ್ಲಿರಿ, ಬರ್ಕೊಳ್ಳೋಕೆ.’’

‘‘ಯಾವಾಗಿಂದ?’’

‘‘ಸೋಮವಾರ ಒಬ್ಬರು ಬರ್ತಾರೆ. ಹೆಂಡತಿ ಜೊತೆ. ಆ ಯಮ್ಮ ಮಾತು ಶುರು ಮಾಡಿದ್ರೆ ಅರ್ಧ ಗಂಟೆ.’’

‘‘ಇರಲಿ,’’ ಎಂದಳು ಭೂತಗನ್ನಡಿ. ಪಟ್ಟಿಯನ್ನು ವಾಪಸು ತೆಗೆದುಕೊಂಡು, ಸ್ಕೇಲ್ ಇಟ್ಟು, ಬಲಗಡೆ ಖಾಲಿ ಉಳಿದಿದ್ದ ಜಾಗದಲ್ಲಿ ಹೊಸದೊಂದು ಗೆರೆ ಎಳೆದಳು. ಅದರ ತಲೆಯ ಮೇಲೆ ‘ಮನೆಯವರು ಹೇಳಿದ್ದು’ ಎಂದು ಬರೆದಳು. ಅರ್ಧ ಗಂಟೆಯ ಮಾತಿಗೆ ಆ ಜಾಗ ಸಾಲದೆಂದು ಕಂಡು, ಪಟ್ಟಿಯನ್ನು ಇನ್ನೊಂದು ದೊಡ್ಡ ಹಾಳೆಗೆ ಮೊದಲಿಂದ ಬರೆಯಲು ಕೂತಳು.